ಹೆಣ್ಣುಗಳ ತೊಟ್ಟಿಯಲ್ಲಿ ಮರಿಹುಳು

ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆನೆಂದರೆ ಗಾಳಿ ಕೂಡ ಅಪ್ಪಣೆ ಕೇಳಿಯೇ ಒಳಗೆ ಹೋಗಬೇಕಿತ್ತು. ಕೀಟಗಳ ಪ್ರಯೋಗಶಾಲೆಯಲ್ಲಿ ಕಾವಲುಗಾರನಾಗಿದ್ದಷ್ಟು ಕಾಲ ನನ್ನ ಕಣ್ಣು ತಪ್ಪಿಸಿದ ಪ್ರಾಣಿಯಿಲ್ಲ. ನನ್ನ ಮುಖ ನೋಡಿಯೇ ಅಲ್ಲಿಯವರು ನಾದಿನಿಗೆ, ಅಂದರೆ ನನ್ನ ಹೆಂಡತಿಯ ತಂಗಿಗೆ, ಹುಳು ಸಾಕುವ ಕೆಲಸ ಕೊಟ್ಟದ್ದು.

ಸಂಬಳ ಕೈಗೆ ಬಂದದ್ದೇ ತಡ, ನಮ್ಮ ಹಂಗು ಬೇಡವೆಂದು ಆಕೆ ಬೇರೆ ಕೋಣೆ ಹಿಡಿದಳು. ಕೆಲಸ ಹೋದರೆ ಮತ್ತೆ ನಮ್ಮ ಹಜಾರದಲ್ಲೇ ಚಾಪೆ ಹಾಸಬೇಕು, ಗೋಡೆಯ ಸುಣ್ಣ ಉದುರಿಸುವ ನನ್ನ ಗೊರಕೆ ಕೇಳುತ್ತ.

ಆಕೆ ಸಾಕುತ್ತಿದ್ದದ್ದು ಸಗಣಿ ಹುಳು. ಒದ್ದೆ ಮರಳು ತುಂಬಿದ ತೊಟ್ಟಿಗಳಿಗೆ ಸಗಣಿ ನಾದಿ ಹಾಕುವುದು, ಹೊಸ ಹುಳು ಹೊರಬಂದ ಕೂಡಲೇ ವಿಂಗಡಿಸುವುದು. ತಲೆಯ ಮೇಲೆ ಕೊಂಬಿದ್ದರೆ ಗಂಡಿನ ತೊಟ್ಟಿಗೆ, ಇಲ್ಲದಿದ್ದರೆ ಹೆಣ್ಣಿನ ತೊಟ್ಟಿಗೆ. ಕೈ ತೊಳೆದು ತೊಳೆದು ಅಂಗೈಯ ಗೆರೆಗಳೇ ಅಳಿಸಿಹೋಗಿದ್ದವು. ಕೈ ನೋಡುವವನು ನೋಡಿದ್ದರೆ ಈಕೆ ಇನ್ನೂ ಹುಟ್ಟೇ ಇಲ್ಲ ಅನ್ನುತ್ತಿದ್ದ.

ಒಂದು ದಿನ ಹುಳು ಸಾಕುವ ಕೋಣೆಯ ಮುಖ್ಯಸ್ಥೆ, ನಾವು ಮೇಡಂ ಅನ್ನುತ್ತಿದ್ದವರು, ಹೆಣ್ಣುಗಳ ತೊಟ್ಟಿ ಕೆದಕಿದರೆ ಸಗಣಿ ಉಂಡೆಯೊಳಗೆ ದಪ್ಪನೆಯ ಮರಿಹುಳು.

"ಇದಕ್ಕೆ ಅಪ್ಪ ಎಲ್ಲಿಂದ ಬಂದ?" ಎಂದರು.

"ಮುಚ್ಚಳ ನಾನೇ ಬಿಗಿದಿದ್ದೆ ಮೇಡಂ," ಎಂದಳು ನಾದಿನಿ.

"ಬಿಗಿದೋರೇ ಬಿಚ್ಚೋದು. ನನ್ನ ಬಿಟ್ರೆ ಕೀಲಿ ಇರೋದು ನಿಮ್ಮ ಹತ್ರ, ನಿಮ್ಮ ಭಾವನ ಹತ್ರ. ಇನ್ನೊಂದ್ಸಲ ಮರಿ ಸಿಕ್ಕಿದ್ರೆ ನೀವು ಬರೋದು ಬೇಡ."

ಅಂದಿನಿಂದ ಅನುಮಾನ ಹುಳಕ್ಕಿಂತ ಬೇಗ ಮರಿ ಹಾಕಿತು. ಮೇಡಂ ನಾದಿನಿಯ ಚೀಲ ನೋಡುವರು. ನಾದಿನಿ ಮೇಡಂ ಕೋಟಿನ ಜೇಬು ನೋಡುವಳು. ನಾನು ಇಬ್ಬರನ್ನೂ ನೋಡುತ್ತ ಕಣ್ಣು ಮಿಟುಕಿಸುವುದನ್ನೇ ಬಿಟ್ಟೆ. ಮನೆಯಲ್ಲಿ ಹೆಂಡತಿ, "ನನ್ನ ತಂಗಿ ಮೇಲೇ ಕಣ್ಣಿಡ್ತೀರಾ?" ಎಂದು ಅನ್ನವನ್ನು ತಟ್ಟೆಗೆ ಎಸೆದಂತೆ ಬಡಿಸಿದಳು. ಮೇಡಂ ಬಾಗಿಲೊಳಗೆ ನೆಲಕ್ಕೆ ಪೌಡರ್ ಚೆಲ್ಲಿದರು. ಬೆಳಿಗ್ಗೆ ಅದರ ಮೇಲೆ ಮೂಡಿದ್ದ ಹೆಜ್ಜೆ ಒಬ್ಬರದೇ, ಪೌಡರ್ ಸರಿಯಾಗಿ ಬಿದ್ದಿದೆಯೋ ಎಂದು ನೋಡಲು ಹೋಗಿದ್ದ ನನ್ನದು. ಈಗ ಮೂವರಲ್ಲಿ ಅತಿ ದೊಡ್ಡ ಕಳ್ಳ ನಾನಾದೆ.

ಕೊನೆಗೆ ಮೇಡಂ, "ಗಂಡು ಒಳಗಿದ್ರೆ ಹೇಗಿರುತ್ತೆ, ನೀವೇ ನೋಡಿ" ಎಂದು ಸುರಂಗಗಳು ಹೊರಗಿನಿಂದ ಕಾಣುವ ತೆಳು ಗಾಜಿನ ತೊಟ್ಟಿಗೆ ಒಂದು ಕೊಂಬಿನ ಗಂಡನ್ನೂ, ಹೆಣ್ಣುಗಳ ತೊಟ್ಟಿಯ ಎರಡು ಹುಳುಗಳನ್ನೂ ಬಿಡಿಸಿದರು. ಒಂದು ಹೆಣ್ಣು ಸುರಂಗ ತೋಡಿ ಇಳಿಯಿತು. ಗಂಡು ಸುರಂಗದ ಬಾಯಲ್ಲಿ ಕೊಂಬು ಚಾಚಿ ಕಾವಲು ನಿಂತಿತು. ನನ್ನ ಜಾತಿಯವನೆಂದು ಅದರ ಮೇಲೆ ಅಭಿಮಾನ ಬಂತು.

ಎರಡನೆಯ 'ಹೆಣ್ಣು' ಪಕ್ಕದಲ್ಲಿ ಸದ್ದಿಲ್ಲದೆ ಬೇರೆ ಕಂಡಿ ತೋಡಿತು. ಕಾವಲಿನವನ ಕಾಲಡಿಯಲ್ಲೇ ಅಡ್ಡ ಹಾದು, ಕೆಳಗಿದ್ದ ಹೆಣ್ಣಿನ ಬೆನ್ನೇರಿತು. ಕಾವಲಿನವನು ಮಾತ್ರ ಮೇಲೆ ಗತ್ತಿನಿಂದ ನಿಂತೇ ಇದ್ದ.

"ಮೇಡಂ," ನಾದಿನಿಯ ದನಿ ಇಳಿಯಿತು, "ಇದು ಹೆಣ್ಣಲ್ಲ."

ಮೇಡಂ ಅದನ್ನು ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸಿ ನೋಡಿದರು. ಗಂಡೇ. "ನನಗೇ ಮೊದಲು ಹೊಳೀಬೇಕಿತ್ತು. ಹೆಣ್ಣಿಗಾಗಿ ಗುದ್ದಾಡೋಕೆ ಬೆಳೆದದ್ದು ಕೊಂಬು. ಮರಿಯಾಗಿದ್ದಾಗ ಹೊಟ್ಟೆ ತುಂಬದೆ ಸಣ್ಣಗಾದವು ಗುದ್ದಾಟಕ್ಕೆ ಹೋಗಲ್ಲ, ಕೊಂಬನ್ನೂ ಬೆಳೆಸಲ್ಲ. ಹೀಗೆ ಕದ್ದು ನುಸುಳ್ತವೆ. ಕೊಂಬು ಬೆಳೆಸಿದ್ದಕ್ಕೂ ನಷ್ಟ ಇದೆ. ಈ ಜಾತೀಲಿ ಕೊಂಬು ದೊಡ್ಡದಾದಷ್ಟೂ ಕಣ್ಣು ಚಿಕ್ಕದು." ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ಯಾಕೆ ನೋಡಿದರೋ ತಿಳಿಯಲಿಲ್ಲ. ಆಮೇಲೆ ನಾದಿನಿಗೆ, "ಕಳ್ಳತನ ಅಲ್ಲ, ವಿಂಗಡಿಸೋದ್ರಲ್ಲಿ ತಪ್ಪಾಗಿದೆ. ನಾಳೆಯಿಂದ ಎಲ್ಲಾ ತೊಟ್ಟೀನೂ ಮೊದಲಿಂದ ನೋಡಿ" ಎಂದರು.

ಕೆಲಸ ಉಳಿಯಿತೆಂದು ಸುಮ್ಮನಿರಬೇಕಿತ್ತು ನಾನು. ಇರಲಿಲ್ಲ.

"ಇಷ್ಟು ದಿನ ಸಾಕಿಯೂ ಗಂಡು ಯಾವುದು ಅಂತ ಗೊತ್ತಾಗಲಿಲ್ಲ ಇವಳಿಗೆ. ಇಂಥವಳನ್ನ ಇಟ್ಕೋಬೇಕಾ ಮೇಡಂ, ನೀವೇ ಹೇಳಿ."

ನಾದಿನಿ ಕೈ ತೊಳೆಯುತ್ತಲೇ ಹೇಳಿದಳು: "ನಿಮ್ಮ ಮೀಸೆ ನೋಡಿ ಗಂಡು ಅಂದ್ಕೊಂಡ ನಮ್ಮಕ್ಕನ್ನ ನೀವಿನ್ನೂ ಇಟ್ಕೊಂಡಿಲ್ವಾ ಭಾವ?"