ರಿಪೇರಿ ಮಾವನ ಮುಖದ ಮಾಲೀಕರು ಯಾರು?

೨೦೨೫ರ ಮಾರ್ಚ್ ೧೧, ಮಂಗಳವಾರ, ಹೊಲಿಗೆ ಯಂತ್ರ ರಿಪೇರಿಯವರೊಬ್ಬರು ತಾವು ಕಣ್ಣಿಂದ ನೋಡದ ಯಂತ್ರವೊಂದಕ್ಕೆ ಜಾಮೀನು ನಿಂತರು. ನಿಂತ ಸಂಗತಿ ಅವರೊಬ್ಬರಿಗೇ ಗೊತ್ತಿರಲಿಲ್ಲ.

ಬೀದಿಗೆಲ್ಲ ಅವರು ರಿಪೇರಿ ಮಾವ. ಕೈ ನಡುಗತೊಡಗಿದ ಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಹೊಲಿಗೆಯವರ ವೆಬ್‌ಸೈಟೊಂದರಲ್ಲಿ ದಾರ ಏಕೆ ತುಂಡಾಗುತ್ತದೆ, ಬಾಬಿನ್ ಏಕೆ ಸಿಕ್ಕಿಕೊಳ್ಳುತ್ತದೆ ಎಂದು ಪುಕ್ಕಟೆಯಾಗಿ ಉತ್ತರ ಬರೆಯುತ್ತಿದ್ದರು. ಮೆಚ್ಚಿದ ವೆಬ್‌ಸೈಟಿನವರು ಅವರಿಗೊಂದು ಬ್ಯಾಡ್ಜ್ ಮಾಡಿಕೊಟ್ಟರು: ದುಂಡಗೆ ಕತ್ತರಿಸಿದ ಫೋಟೊ, ಹೆಸರು, ಕೆಳಗೆ ‘ನಂಬಿಕಸ್ಥ ತಜ್ಞ’. ಒಂದು ಸಾಲು ಕೋಡ್ ನಕಲು ಮಾಡಿ ಅಂಟಿಸಿದರೆ ಸಾಕು, ಯಾವ ವೆಬ್‌ಸೈಟಿನಲ್ಲಾದರೂ ಮಾವ ಪ್ರತ್ಯಕ್ಷ. ಮಗಳು ತನ್ನ ಟೈಲರಿಂಗ್ ಅಂಗಡಿಯ ಪುಟದಲ್ಲಿ ಅಂಟಿಸಿಕೊಂಡಳು. ಅದನ್ನು ನೋಡಿಯೇ ಗಿರಾಕಿಗಳು ಬರತೊಡಗಿದರು. ಯಾರು ಬೇಕಾದರೂ ಅಂಟಿಸಬಹುದೇ ಎಂದು ಯೋಚಿಸಲು ಮಾತ್ರ ಬ್ಯಾಡ್ಜ್ ತಯಾರಿಸಿದ ಮೇಧಾವಿಗಳಿಗೆ ಪುರುಸೊತ್ತಾಗಲಿಲ್ಲ. ಅದರ ಅಂಚಿನ ಬಣ್ಣ ಯಾವುದಿರಬೇಕೆಂಬ ಘನವಾದ ಚರ್ಚೆ ನಡೆದಿತ್ತಲ್ಲ!

ಆ ಮಂಗಳವಾರ ಯಂತ್ರ ಮಾರುವ ಕಂಪನಿಯೊಂದು ತನ್ನ ಕಳಪೆ ಮಾಲಿನ ಕೆಳಗೆ ಮಾವನ ಬ್ಯಾಡ್ಜ್ ಅಂಟಿಸಿತು. ಮುಂದಿನ ವಾರ ಹಿಂದಿನ ಬೀದಿಯ ಹೊಲಿಗೆಯಾಕೆ ಹೊಚ್ಚ ಹೊಸ ಯಂತ್ರವನ್ನು ಹೊತ್ತು ತಂದು ಜಗಲಿಯ ಮೇಲೆ ಕುಕ್ಕಿದಳು.

“ನಿಮ್ಮ ಮುಖ ನೋಡಿ ತಗೊಂಡೆ ಮಾವ. ಎರಡೇ ದಿನಕ್ಕೆ ಹಲ್ಲು ಕಚ್ಕೊಂಡು ನಿಂತ್ಬಿಡ್ತು.”

“ನನ್ನ ಮುಖ ನೋಡಿ ನನ್ನ ಹೆಂಡ್ತಿನೇ ಏನನ್ನೂ ನಂಬಲ್ಲ ಕಣಮ್ಮ!”

ಆಕೆ ನಗಲಿಲ್ಲ. ಫೋನು ತೆರೆದು, ಕಂಪನಿಯ ಪುಟದಲ್ಲಿ ಯಂತ್ರದ ಕೆಳಗಿದ್ದ ಮಾವನ ಬ್ಯಾಡ್ಜ್ ತೋರಿಸಿದಳು. “ಶಾಲೆಯವರ ಬಟ್ಟೆ ಹೊಲಿಯೋಕೆ ಒಪ್ಕೊಂಡಿದ್ದೀನಿ. ಈಗ ಏನ್ ಮಾಡ್ಲಿ ಹೇಳಿ.”

ಮಾವ ವೆಬ್‌ಸೈಟಿನ ಕಚೇರಿಗೆ ಫೋನು ಮಾಡಿದರು.

“ಸರ್, ಬ್ಯಾಡ್ಜ್ ನೀವ್ಯಾರು ಅಂತ ಮಾತ್ರ ಹೇಳುತ್ತೆ. ಮಷೀನ್ ಚೆನ್ನಾಗಿದೆ ಅಂತ ಎಲ್ಲೂ ಹೇಳಿಲ್ವಲ್ಲ,” ಎಂದನು ಅಲ್ಲಿನ ತರುಣ.

“ಹಾಗಾದ್ರೆ ನಿನ್ನ ಫೋಟೊ ನಮ್ಮ ಬೀದಿ ಕಸದ ತೊಟ್ಟಿಗೆ ಅಂಟಿಸ್ತೀನಿ ಕಣಪ್ಪ. ನೀನ್ಯಾರು ಅಂತ ಮಾತ್ರ ಹೇಳುತ್ತೆ.”

“ಒಂದು ಕಡೆ ಮಾತ್ರ ತೆಗೆಯೋಕೆ ಆಗಲ್ಲ ಸರ್. ತೆಗೆದ್ರೆ ಎಲ್ಲಾ ಕಡೆಯಿಂದ್ಲೂ ಹೋಗುತ್ತೆ.”

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಮಗಳ ಮುಖ ಸಪ್ಪಗಾಯಿತು. “ಜನ ಅದನ್ನ ನೋಡ್ಕೊಂಡೇ ಬರ್ತಿರೋದು ಅಪ್ಪ.”

“ಇವಳೂ ಅದನ್ನ ನೋಡ್ಕೊಂಡೇ ಬಂದಿದ್ದಲ್ವೇನಮ್ಮ?”

ಮಾವ ಬ್ಯಾಡ್ಜ್ ತೆಗೆಸಿಬಿಟ್ಟರು. ಅಂದಿನಿಂದ ಅವಳ ಪುಟದಲ್ಲಿ ಒಂದು ಬೂದು ವೃತ್ತ, ಕೆಳಗೆ ‘ಈ ತಜ್ಞರು ಈಗ ಇಲ್ಲ’ ಎಂಬ ಸಾಲು. ಹಳೆಯ ಗಿರಾಕಿಯೊಬ್ಬರು ಸಂತಾಪ ಸೂಚಿಸಲು ಬಂದು, ಬಾಗಿಲು ತೆರೆದ ಮಾವನನ್ನೇ ಕಂಡು ಬೆವೆತರು. ಹೊಸಬರು ಬರುವುದೇ ನಿಂತಿತು. ಕಂಪನಿಗೇನು, ಮರುದಿನವೇ ಮತ್ತೊಬ್ಬ ತಜ್ಞರ ಮುಖ ತಂದು ಅಂಟಿಸಿಕೊಂಡಿತು.

ಬ್ಯಾಡ್ಜ್ ಮಾಡಿದ ಮಹನೀಯರೇ, ಒಬ್ಬರ ಮುಖ ಯಾವ ವೆಬ್‌ಸೈಟಿನಲ್ಲಿ ಕಾಣಬೇಕೆಂಬ ತೀರ್ಮಾನ ಆ ಮುಖ ಹೊತ್ತವರದ್ದೇ ಆಗಿರಲಿ. ಅವರು ಒಪ್ಪದ ಕಡೆ ಬ್ಯಾಡ್ಜ್ ತೆರೆಯದಂತೆ ಮಾಡಿ. ಮಾವನ ಬ್ಯಾಡ್ಜನ್ನು ಮಗಳ ಪುಟಕ್ಕೆ ಮರಳಿಸಿ. ಹೊಲಿಗೆಯಾಕೆಯ ಯಂತ್ರವನ್ನು ಹಿಂದಕ್ಕೆ ಪಡೆಯುವಂತೆ ಕಂಪನಿಗೆ ನೀವೇ ಬರೆಯಿರಿ. ಅಂಚಿನ ಬಣ್ಣದ ಚರ್ಚೆ ಆಮೇಲೆ ಮುಂದುವರಿಸಬಹುದು.