ಮೀನೆಣ್ಣೆಯ ದೋಣಿ

“ನನ್ನ ದೋಣಿಯೊಳಗೆ ಬರೋ ನೀರು ಒಂದು ಗುಬ್ಬಿ ಬಾಯಾರಿಕೆಗೂ ಸಾಲದು” ಎಂದು ಕೊಚ್ಚಿಕೊಳ್ಳದೆ ನಮ್ಮ ಭಾವ ಹುಟ್ಟು ಹಿಡಿದದ್ದೇ ಇಲ್ಲ. ಅವರಪ್ಪನಿಂದ ಬಂದ ದೋಣಿ. ಹೊಳೆ ದಾಟಿಸುವ ಮರದ ದೋಣಿಗಳಲ್ಲಿ ಉಳಿದದ್ದು ಅದೊಂದೇ, ಅದೂ ಮೀನೆಣ್ಣೆಯ ದಯೆಯಿಂದ. ಎಳೆಗೂಸಿಗೆ ಎಣ್ಣೆ ನೀವುವ ಹಾಗೆ ಭಾವ ಅದನ್ನು ಹಲಗೆಗಳಿಗೆ ತಿಕ್ಕುತ್ತಿದ್ದರು. ಆ ನಾತವೋ! ಮೇಲೆ ಹಾರುವ ಕಾಗೆ ಮೂರ್ಛೆ ಬೀಳುತ್ತಿತ್ತು. ನೀರು ಚಿಮುಕಿಸಿದರೆ ಎದ್ದು, ಒಮ್ಮೆ ಉಸಿರೆಳೆದು, ಮತ್ತೆ ಬೀಳುತ್ತಿತ್ತು. ಭಾವನ ಅಂಗಿಯನ್ನು ಅಕ್ಕ ಕೋಲಿನ ತುದಿಯಲ್ಲಿ ಎತ್ತಿ ಹಿತ್ತಿಲಿಗೆ ಸಾಗಿಸುತ್ತಿದ್ದಳು, ಸತ್ತ ಹೆಗ್ಗಣದಂತೆ.

ಪಕ್ಕದಲ್ಲಿ ತಗಡಿನ ಮೋಟಾರು ದೋಣಿ ಬಂದದ್ದೇ ತಡ, ಜನ ಮೂಗು ಮುಚ್ಚಿಕೊಂಡು ಅತ್ತ ಓಡಿದರು. ಸೌದೆ ಅಂಗಡಿಯವನು ಬಂದು ದೋಣಿಯನ್ನು ಗೇಣು ಹಾಕಿ ಅಳೆದೂ ಹೋದ.

“ಜನ ಹತ್ತದಿದ್ರೆ ಅದು ಒಲೆಗೇ ಸರಿ. ಆ ಹೊಲಸು ಎಣ್ಣೆ ಬಿಟ್ಟುಬಿಡ್ರೀ” ಎಂದಳು ಅಕ್ಕ.

ಭಾವ ಬೇವು ನುಂಗಿದವರಂತೆ ಒಪ್ಪಿದರು. ದೋಣಿಯನ್ನು ದಡಕ್ಕೆಳೆದು, ಬಿಸಿಲಿನಲ್ಲಿ ಹಪ್ಪಳದಂತೆ ಒಣಗಿಸಿ, ನೀಲಿ ಬಣ್ಣ ಬಳಿದರು. ನಾತ ಮಾಯ. ಮೊದಲ ದಿನವೇ ಜನ ಇಡಿಕಿರಿದರು. ಹೊಸ ಪಂಚೆ ಉಟ್ಟು ನಾನೂ ಹತ್ತಿದೆ, ಸೌದೆಯವನೂ ಹತ್ತಿದ.

ನಡುಹೊಳೆಯಲ್ಲಿ, ಒಣಗಿ ಕುಗ್ಗಿದ್ದ ಹಲಗೆಗಳ ಸಂದು ಬಾಯಿಬಿಟ್ಟಿತು. ಒಳನುಗ್ಗಿದ್ದನ್ನು ನೀರೆಂದರೆ ನೀರಿಗೆ ಅವಮಾನ. ಊರಿನ ಚರಂಡಿಯೆಲ್ಲ ಸೇರುವ ಹೊಳೆ ಅದು: ಕರ್ರಗೆ, ಲೋಳೆಲೋಳೆ, ಕೂದಲ ಉಂಡೆ, ಕೊಳೆತ ಸಿಪ್ಪೆ, ಯಾರದೋ ಮಗುವಿನ ಚಡ್ಡಿ. ಸೌದೆಯವನು ತನ್ನೆರಡೂ ಕಾಲೆತ್ತಿ ನನ್ನ ತೊಡೆಯ ಮೇಲಿಟ್ಟ. “ಥೂ” ಎನ್ನಲೂ ಬಾಯಿ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಕೂರುವ ಹಲಗೆಯಡಿ ಬಚ್ಚಿಟ್ಟಿದ್ದ ಮೀನೆಣ್ಣೆಯ ಹಳೇ ಬಟ್ಟೆಯನ್ನು ಭಾವ ಸಂದಿಗೆ ತುರುಕಿದರು. ನಾವು ಚಪ್ಪಲಿಯಲ್ಲಿ ಮೊಗೆದು ಮೊಗೆದು ಚೆಲ್ಲಿ, ಹೇಗೋ ಹೊರಟ ದಡಕ್ಕೇ ಮರಳಿದೆವು.

“ಇನ್ನೇನಿದೆ, ಸೌದೆಗೆ ಕೊಟ್ಬಿಡಿ” ಎಂದ ಸೌದೆಯವನು, ಕಿವಿಯಿಂದ ಈರುಳ್ಳಿ ಸಿಪ್ಪೆ ತೆಗೆಯುತ್ತ.

ಅಕ್ಕ ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಎಣ್ಣೆ ಡಬ್ಬ ಹಿಡಿದು ಬಂದಳು. “ಸೌದೆಯಂತೆ ಸೌದೆ! ರೀ, ಮೊದ್ಲು ಆ ಬಣ್ಣ ಕೆರೆದು ಹಾಕಿ.”

“ಏನು ಭಾವ, ಗುಬ್ಬಿಗೂ ಸಾಲದು ಅಂತಿದ್ರಿ?” ಪಂಚೆ ಹಿಂಡುತ್ತ ಕೆಣಕಿದೆ.

“ಇದನ್ನ ಗುಬ್ಬಿ ಮೂಸಿಯೂ ನೋಡಲ್ಲ ಕಣಯ್ಯಾ. ನಿಮ್ಮೆಲ್ಲರ ಮನೆ ಬಚ್ಚಲನ್ನ ಇಷ್ಟು ದಿನ ನನ್ನ ಎಣ್ಣೆ ಹೊರಗೇ ನಿಲ್ಲಿಸಿತ್ತು. ಎಣ್ಣೆ ಬೇಡ ಅಂದ್ರಿ, ಒಳಗೆ ಬಂತು. ನಿಮ್ಮನೆಯವರೇ ಅಲ್ವಾ, ಯಾಕೆ ಮೂಗು ಮುಚ್ಕೋತೀರಿ? ಮಾತಾಡ್ಸಿ!”