ಕಮಾನಿಗೆ ಬಂದ ಬಸ್ಸು

ಬೆಂಗಳೂರಿನ ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು ಹಣೆಯ ಹಿಟ್ಟನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತಾ, "ಊರಂದ್ರೆ ಜನ ಕಣ್ರೀ" ಎನ್ನುತ್ತಿದ್ದರು. ಅವರ ಹುಟ್ಟೂರಿನಲ್ಲಿ ಮುದುಕರಷ್ಟೇ ಉಳಿದಿದ್ದರು. ಮಕ್ಕಳಿಲ್ಲವೆಂದು ಶಾಲೆ ಮುಚ್ಚಿತ್ತು, ಹತ್ತುವವರಿಲ್ಲವೆಂದು ಬಸ್ಸು ನಿಂತಿತ್ತು.

ಬೆಂಗಳೂರಿಗೆ ಬಂದು ನೆಲೆಸಿದ ಆ ಊರಿನವರ ಸಂಘ ಅಲ್ಲಿಗೆ ಮಾಡಿದ ಉಪಕಾರವೆಂದರೆ ಒಂದು ಸ್ವಾಗತ ಕಮಾನು! ಉದ್ಘಾಟನೆಯ ದಿನ ಕುರ್ಚಿಗಳು ಖಾಲಿ ಕಾಣಬಾರದೆಂದು ಕೆಂಗೇರಿಯಿಂದ ಒಂದು ಬಸ್ಸಿನ ತುಂಬ ಜನರನ್ನು ಕರೆದೊಯ್ದರು. ಗಿರಣಿಯವರ ಜೊತೆ ನಾನೂ ಹೋಗಿದ್ದೆ. ಊರಿನ ಮುದುಕರನ್ನು ಫೋಟೋಗೆಂದು ಮುಂದಿನ ಸಾಲಿನಲ್ಲಿ, ಬಿಸಿಲಿನಲ್ಲಿ ಕೂರಿಸಿದ್ದರು.

ಭಾಷಣದ ನಡುವೆ ಒಬ್ಬ ಅಜ್ಜಿ, ಕಾಲಿನ ಹುಣ್ಣಿಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದವರು, ಬಸ್ಸನ್ನು ತೋರಿಸಿ, "ಅದು ಆಸ್ಪತ್ರೆಗೆ ಹೋಯ್ತದಾ ಮಗಾ?" ಎಂದು ಗಿರಣಿಯವರನ್ನು ಕೇಳಿದರು.

ಗಿರಣಿಯವರ ಮುಖ ಕೆಂಪಾಯಿತು. "ಹೋಗುತ್ತೆ, ಏಳಿ ಅಜ್ಜಿ" ಎಂದು ರಟ್ಟೆ ಹಿಡಿದು ಹತ್ತಿಸಿದರು. ಅದನ್ನು ಕಂಡು ಮುಂದಿನ ಸಾಲೆಲ್ಲ ಕೋಲೂರಿಕೊಂಡು ಬಸ್ಸಿನತ್ತ ಹೊರಟಿತು.

ಸಂಘದ ಅಧ್ಯಕ್ಷರು ಮೈಕಿನಲ್ಲೇ ಕೂಗಿದರು: "ಏನ್ರೀ ಇದು? ಬಂದಿರೋರು ವಾಪಸ್ ಹೋಗೋದು ಹೇಗೆ?"

"ಇಷ್ಟು ವರ್ಷ ಇವರು ಹೇಗೆ ಹೋಗ್ತಿದ್ರು ಅಂತ ಕೇಳಿದ್ರಾ ಸಾರ್? ಕಾಯ್ಲಿ!" ಎಂದು ಗಿರಣಿಯವರೂ ಬಸ್ಸು ಹತ್ತಿದರು.

ಗಣ್ಯರು ಊಟ ಮುಗಿಸಿ ಕಾರುಗಳಲ್ಲಿ ಹೊರಟುಹೋದರು. ಸಂಜೆಗೆ ಬಸ್ಸು ಮರಳಿತು. ಬಿಳಿಯ ಪಟ್ಟಿ ಕಟ್ಟಿಸಿಕೊಂಡ ಅಜ್ಜಿ ಇಳಿಯುತ್ತಾ, "ದಿನಾ ಪಟ್ಟಿ ಬದ್ಲಾಯಿಸ್ಬೇಕಂತೆ. ನಾಳಿಕೂ ಬತ್ತದಾ?" ಎಂದರು.

ಗಿರಣಿಯವರು ನಮ್ಮ ಕಡೆ ತಿರುಗಿದರು. "ಹೇಳ್ರೀ. ಯಾರಾದ್ರೂ ಹೇಳ್ರೀ ಅವರಿಗೆ."

ನಾವು ಒಬ್ಬೊಬ್ಬರಾಗಿ ಬಸ್ಸು ಹತ್ತಿದೆವು.